ಓದುಗರ ಪ್ರಶ್ನೆ, ನಮ್ಮ ಉತ್ತರ: ನ್ಯೂಯಾರ್ಕ್ ಧಾರಣೆ ರಾಯಚೂರಿಗೆ ಬರುವ ದಾರಿ

ಜಾಗತೀಕರಣದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಬಂದ ಪತ್ರಗಳು ಹೆಚ್ಚಾಗಿ ಹತ್ತಿ, ಜೀನ್ಸ್, ಎಣ್ಣೆಕಾಳು, ಅದಿರಿನ ಬಗ್ಗೆಯೇ ಇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಲೆಕ್ಕ ಬಿಡಿಸುವಾಗ ಹಿಡಿದ ಪೇಟೆ ಧಾರಣೆ, ಡಾಲರ್ ದರ ಉದಾಹರಣೆಗೆ ಮಾತ್ರ. ನಿಮ್ಮ ದಿನದ ದರ ಹಾಕಿ ಗುಣಿಸಿಕೊಳ್ಳಿ.

ಪ್ರಶ್ನೆ: ಹತ್ತಿ ತುಂಬಿಕೊಂಡು ರಾಯಚೂರು ಎಪಿಎಂಸಿಗೆ ಹೋದರೆ ‘ನ್ಯೂಯಾರ್ಕ್ ಬಿದ್ದದ, ನಾವೇನ್ ಮಾಡೋಣ್ರಿ’ ಅಂತಾರೆ. ನ್ಯೂಯಾರ್ಕಿಗೂ ನಮ್ಮ ಹತ್ತಿಗೂ ಏನು ಸಂಬಂಧ? ಆ ಮಾತು ಖರೆಯೋ ಸುಳ್ಳೋ ತಿಳಿಯೋದು ಹೆಂಗೆ?
(ಹತ್ತಿ ಬೆಳೆಗಾರರು, ಮಾನ್ವಿ ತಾಲ್ಲೂಕು)

ಉತ್ತರ: ಸಂಬಂಧ ಇದೆ, ಆದರೆ ನೇರ ಸಂಬಂಧ ಅಲ್ಲ. ನಡುವೆ ಡಾಲರ್ ಇದೆ, ಆಮದು ಸುಂಕ ಇದೆ, ಹತ್ತಿಕಾಳಿನ ಧಾರಣೆ ಇದೆ. ಈ ಮೂರನ್ನೂ ಲೆಕ್ಕಕ್ಕೆ ಹಿಡಿದರೆ ದಲಾಲರ ಮಾತನ್ನು ನೀವೇ ಒರೆಗೆ ಹಚ್ಚಬಹುದು.

ಮೊದಲು ಅಳತೆ ಸರಿಮಾಡಿಕೊಳ್ಳಿ. ನ್ಯೂಯಾರ್ಕಿನ ಐಸಿಇ ವಾಯದಾ ಪೇಟೆಯಲ್ಲಿ (ಮುಂದೆ ಕೊಡುವ ಮಾಲಿಗೆ ಇಂದೇ ಬೆಲೆ ಕಟ್ಟುವ ಪೇಟೆ) ಧಾರಣೆ ಹೇಳುವುದು ಅರಳೆಗೆ (ಕಾಳು ಬಿಡಿಸಿದ ಹತ್ತಿಗೆ), ಪೌಂಡಿಗೆ ಇಷ್ಟು ಸೆಂಟ್ ಎಂದು. ನಮ್ಮ ಜಿನ್ನಿಂಗ್‌ನವರು ಅರಳೆ ಮಾರುವುದು ಕ್ಯಾಂಡಿ ಲೆಕ್ಕದಲ್ಲಿ. ಒಂದು ಕ್ಯಾಂಡಿ ಅಂದರೆ 356 ಕಿಲೋ, ಸುಮಾರು 784 ಪೌಂಡ್. ನೀವು ಮಾರುವುದು ಕಾಳು ಸಮೇತ ಹತ್ತಿ, ಕ್ವಿಂಟಲ್ ಲೆಕ್ಕದಲ್ಲಿ. ಒಂದು ಕ್ವಿಂಟಲ್ ಹತ್ತಿ ಬಿಡಿಸಿದರೆ 33ರಿಂದ 35 ಕಿಲೋ ಅರಳೆ, 63–64 ಕಿಲೋ ಕಾಳು ಬರುತ್ತದೆ. ಉಳಿದದ್ದು ಕಸ ಮತ್ತು ತೇವದ ನಷ್ಟ.

ಈಗ ಲೆಕ್ಕ. ಹಡಗು ಬಾಡಿಗೆ, ವಿಮೆ ಎಲ್ಲ ಸೇರಿ ವಿದೇಶಿ ಅರಳೆ ನಮ್ಮ ಬಂದರಿಗೆ ಪೌಂಡಿಗೆ 80 ಸೆಂಟ್‌ನಂತೆ ಬಂದು ಬಿತ್ತು, ಡಾಲರ್ 88 ರೂಪಾಯಿ ಇದೆ ಅನ್ನೋಣ. 784 ಪೌಂಡಿಗೆ 627 ಡಾಲರ್, ಅಂದರೆ ಕ್ಯಾಂಡಿಗೆ ಸುಮಾರು 55,200 ರೂ. ಕಿಲೋ ಅರಳೆಗೆ 155 ರೂ. ಬೀಳುತ್ತದೆ. 34 ಕಿಲೋಗೆ 5,270 ರೂ. ಕಾಳು ಕಿಲೋಗೆ 32 ರೂ. ಇದ್ದರೆ 64 ಕಿಲೋಗೆ 2,048 ರೂ. ಎರಡೂ ಸೇರಿ 7,318. ಜಿನ್ನಿಂಗ್, ಪ್ರೆಸ್ಸಿಂಗ್, ಹಮಾಲಿ, ಸೆಸ್, ಲಾರಿ ಬಾಡಿಗೆ ಅಂತ 300 ರೂ. ಕಳೆಯಿರಿ. ಸುಂಕವೇ ಇಲ್ಲದಿದ್ದರೆ ನಿಮ್ಮ ಕ್ವಿಂಟಲ್ ಹತ್ತಿಗೆ ಲೋಕದ ಪೇಟೆ ಕೊಡುವ ಬೆಲೆ 7,000 ರೂ. ಆಸುಪಾಸು.

ಇದೇ ಲೆಕ್ಕದಿಂದ ಮೂರು ಅಂಕಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ನ್ಯೂಯಾರ್ಕಿನಲ್ಲಿ ಒಂದು ಸೆಂಟ್ ಇಳಿದರೆ ಕ್ವಿಂಟಲ್‌ಗೆ ಸುಮಾರು 66 ರೂ. ಇಳಿಯಬೇಕು. ಡಾಲರ್ ಒಂದು ರೂಪಾಯಿ ಏರಿದರೆ ಸುಮಾರು 60 ರೂ. ನಿಮ್ಮ ಪರ ಏರಬೇಕು. ಕಾಳು ಕಿಲೋಗೆ ಒಂದು ರೂಪಾಯಿ ಇಳಿದರೆ 64 ರೂ. ಹೋಗುತ್ತದೆ. ಹಾಗಾಗಿ ಎರಡು ಸೆಂಟ್ ಬಿದ್ದ ದಿನ ನಿಮ್ಮ ಟೆಂಡರ್ ಬೆಲೆ 400 ರೂ. ಇಳಿದಿದ್ದರೆ ಅದಕ್ಕೆ ನ್ಯೂಯಾರ್ಕ್ ಕಾರಣ ಅಲ್ಲ. ಆವಕ ಜಾಸ್ತಿ ಆಗಿರಬೇಕು, ತೇವ ಇರಬೇಕು, ಇಲ್ಲವೇ ಖರೀದಿದಾರರು ಅಂದು ಕಡಿಮೆ ಇರಬೇಕು. ಕಾಳಿನ ಧಾರಣೆ ಕೇಳುವುದನ್ನು ರೈತರು ಮರೆಯುತ್ತಾರೆ. ನಿಮ್ಮ ಹಣದಲ್ಲಿ ಕಾಲು ಭಾಗಕ್ಕೂ ಹೆಚ್ಚು ಅದರಿಂದಲೇ ಬರುತ್ತದೆ, ಅದು ಎಣ್ಣೆ ಮತ್ತು ಹಿಂಡಿಯ ಪೇಟೆಗೆ ಕಟ್ಟಿಕೊಂಡಿದೆ, ನ್ಯೂಯಾರ್ಕಿಗಲ್ಲ.

ಈಗ ಸುಂಕದ ಮಾತು. ರೈತರು ನ್ಯೂಯಾರ್ಕಿಗಿಂತ ಹೆಚ್ಚು ಕಣ್ಣಿಡಬೇಕಾದದ್ದು ದೆಹಲಿಯ ಅಧಿಸೂಚನೆಗಳ ಮೇಲೆ. 2021ರ ಫೆಬ್ರುವರಿಯಲ್ಲಿ ಹತ್ತಿ ಆಮದಿಗೆ ಎಲ್ಲ ಸೇರಿ ಶೇ 11 ಸುಂಕ ಬಂತು. ಮೇಲಿನ ಲೆಕ್ಕದಲ್ಲಿ ಶೇ 11 ಅಂದರೆ ಕ್ಯಾಂಡಿಗೆ 6,070 ರೂ., ನಿಮ್ಮ ಕ್ವಿಂಟಲ್‌ಗೆ ಸುಮಾರು 580 ರೂ. ಅಷ್ಟೂ ಹಣ ನಿಮ್ಮ ಕೈಗೆ ಬಂದೇ ಬರುತ್ತದೆ ಎಂದಲ್ಲ. ದೇಶದೊಳಗೇ ಹತ್ತಿ ತುಂಬಿ ತುಳುಕುವಾಗ ಬೆಲೆ ಆ ಮಟ್ಟಕ್ಕೆ ಏರುವುದಿಲ್ಲ. ಆದರೆ ಸುಂಕ ತೆಗೆದರೆ ಬೆಲೆ ಎಲ್ಲಿಯವರೆಗೆ ಏರಬಹುದೋ ಆ ಮಿತಿಯೇ 580 ರೂ. ಕೆಳಗೆ ಇಳಿಯುತ್ತದೆ. 2025ರ ಆಗಸ್ಟ್ 19ರಿಂದ ಈ ಸುಂಕವನ್ನು ಪೂರ್ತಿ ತೆಗೆದರು. ಮೊದಲು ಸೆಪ್ಟೆಂಬರ್ 30ರವರೆಗೆ ಎಂದಿದ್ದುದನ್ನು ಡಿಸೆಂಬರ್ 31ಕ್ಕೆ ಮುಂದೂಡಿದರು. ಗಿರಣಿಗಳ ಕಷ್ಟ ಸುಳ್ಳಲ್ಲ. ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ 50 ಸುಂಕ ಹಾಕಿತ್ತು, ನೂಲು-ಬಟ್ಟೆಯವರಿಗೆ ಅಗ್ಗದ ಅರಳೆ ಬೇಕಾಗಿತ್ತು. ಆದರೆ ವಿನಾಯಿತಿಯ ಅವಧಿ ಬಿದ್ದದ್ದು ಸರಿಯಾಗಿ ರಾಯಚೂರಿನಲ್ಲಿ ಹತ್ತಿ ಬಿಡಿಸಿ ಪೇಟೆಗೆ ತರುವ ತಿಂಗಳುಗಳ ಮೇಲೆ. ಗಿರಣಿಯ ಭಾರವನ್ನು ಹೀಗೆ ಬೆಳೆಗಾರನ ಹೆಗಲಿಗೆ ದಾಟಿಸಿದ್ದು ನ್ಯಾಯವಲ್ಲ. ಗಿರಣಿಗೆ ನೆರವು ಬೇಕಿದ್ದರೆ ಖಜಾನೆಯಿಂದ ನೇರವಾಗಿ ಕೊಡಬಹುದಿತ್ತು.

ಇಂಥ ವರ್ಷ ನಿಮಗೆ ಉಳಿಯುವ ಆಸರೆ ಹತ್ತಿ ನಿಗಮ, ಅಂದರೆ ಸಿಸಿಐ. 2025-26ಕ್ಕೆ ಬೆಂಬಲ ಬೆಲೆ ಮಧ್ಯಮ ಎಳೆಗೆ 7,710 ರೂ., ಉದ್ದ ಎಳೆಗೆ 8,110 ರೂ. ಇದು ಶೇ 8 ತೇವಾಂಶದ ಹತ್ತಿಗೆ. ಅದರ ಮೇಲೆ ಪ್ರತಿ ಶೇ 1ಕ್ಕೆ ಬೆಲೆಯಲ್ಲಿ ಶೇ 1 ಕಡಿತ. ಶೇ 12 ದಾಟಿದರೆ ಖರೀದಿಯೇ ಇಲ್ಲ. ಶೇ 12 ತೇವದ ಉದ್ದ ಎಳೆ ಹತ್ತಿಗೆ 324 ರೂ. ಕೈಬಿಟ್ಟಂತೆ. ಮುಂಜಾನೆ ಇಬ್ಬನಿ ಆರುವ ಮುನ್ನ ಬಿಡಿಸಬೇಡಿ. ಬಿಡಿಸಿದ್ದನ್ನು ಮನೆಯೊಳಗೆ ರಾಶಿ ಹಾಕುವ ಮೊದಲು ತಾಡಪಾಲಿನ ಮೇಲೆ ತೆಳುವಾಗಿ ಹರಡಿ ಎರಡು ಮೂರು ಬಿಸಿಲು ಕೊಡಿ. ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಹತ್ತಿ ತುಂಬಬೇಡಿ. ಚೀಲದ ಎಳೆ ಅರಳೆಯಲ್ಲಿ ಸೇರಿಕೊಂಡರೆ ನೂಲಿನವರೆಗೂ ಹೋಗುತ್ತದೆ, ಅದಕ್ಕೆ ಬಣ್ಣ ಹಿಡಿಯುವುದಿಲ್ಲ, ಬಟ್ಟೆ ತುಂಬ ಬಿಳಿ ಚುಕ್ಕೆ ಕಾಣುತ್ತದೆ. ವಿದೇಶಿ ಖರೀದಿದಾರರು ಭಾರತದ ಅರಳೆಗೆ ಬೆಲೆ ಕಡಿಯಲು ಕೊಡುವ ಕಾರಣಗಳಲ್ಲಿ ಇದು ದೊಡ್ಡದು.

2025ರಿಂದ ಸಿಸಿಐಗೆ ಮಾರಲು ‘ಕಪಾಸ್ ಕಿಸಾನ್’ ಆ್ಯಪ್‌ನಲ್ಲಿ ಮೊದಲೇ ನೋಂದಾಯಿಸಿ ದಿನ ಗೊತ್ತುಮಾಡಿಕೊಳ್ಳಬೇಕು. ಜನ ಎಡವುವುದು ಇಲ್ಲಿಯೇ. ಬೆಳೆ ಸಮೀಕ್ಷೆಯಲ್ಲಿ ತೊಗರಿ ಎಂದು ದಾಖಲಾಗಿರುತ್ತದೆ, ಹೊಲದಲ್ಲಿ ಹತ್ತಿ ಇರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಎರಡನ್ನೂ ಹತ್ತಿ ಒಡೆಯುವ ಮೊದಲೇ ಸರಿಮಾಡಿಸಿ. ಗಾಡಿ ತುಂಬಿದ ಮೇಲೆ ತಹಶೀಲ್ದಾರ್ ಕಚೇರಿಗೆ ಅಲೆದರೆ ಆ ವಾರದ ಧಾರಣೆ ಹೋಗಿಬಿಟ್ಟಿರುತ್ತದೆ.

ಪ್ರಶ್ನೆ: ಜಾಗತೀಕರಣ 1991ರಲ್ಲಿ ಶುರುವಾಯಿತು ಎಂದು ಪಠ್ಯದಲ್ಲಿದೆ. ಅದಕ್ಕೂ ಮುಂಚೆ ನಮ್ಮ ಭಾಗಕ್ಕೆ ಹೊರಲೋಕದ ನಂಟು ಇರಲಿಲ್ಲವೇ?
(ಪದವಿ ವಿದ್ಯಾರ್ಥಿನಿ, ಬಳ್ಳಾರಿ)

ಉತ್ತರ: 1991ರ ಜುಲೈನಲ್ಲಿ ರೂಪಾಯಿಯ ಅಪಮೌಲ್ಯ ಮತ್ತು ಹೊಸ ಕೈಗಾರಿಕಾ ನೀತಿ ಬಂತು, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು, 2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿದ್ದ ಪರಿಮಾಣದ ಮಿತಿಗಳಲ್ಲಿ ಉಳಿದಿದ್ದವೂ ಹೋದವು. ಪಠ್ಯ ಹೇಳುವುದು ಈ ಅಧ್ಯಾಯವನ್ನು. ನಂಟು ಬಹಳ ಹಳೆಯದು. ವಿಜಯನಗರದ ಸೈನ್ಯಕ್ಕೆ ಕುದುರೆ ಬರುತ್ತಿದ್ದುದು ಅರಬ್ಬಿ ಕಡಲು ದಾಟಿ. ನಮ್ಮ ಊಟದ ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಬಂದವು.

ನೀವು ವಿದ್ಯಾರ್ಥಿನಿ ಆದ್ದರಿಂದ ಎರಡು ಘಟನೆಗಳನ್ನು ಜೋಡಿಸಿ ಓದಿ ಎನ್ನುತ್ತೇವೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ನಿಂತಾಗ ಭಾರತದ ಹತ್ತಿ ಸೀಮೆಗಳಲ್ಲಿ ಧಾರಣೆ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಕುಸಿಯಿತು. 1871ರಲ್ಲಿ ಮುಂಬೈ ಕಡೆಯ ರೈಲು ಮಾರ್ಗವೂ ಮದರಾಸಿನ ಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಐದೇ ವರ್ಷಕ್ಕೆ, 1876–78ರ ಬರದಲ್ಲಿ, ಬಳ್ಳಾರಿ ಸೀಮೆ ಮದರಾಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಸೀಮೆಗಳಲ್ಲಿ ಒಂದಾಯಿತು. ಅದೇ ಕಾಲದಲ್ಲಿ ದೇಶದಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು, ಏಕೆಂದರೆ ವ್ಯಾಪಾರಕ್ಕೆ ಕೈಹಾಕಬಾರದು ಎಂಬುದು ಅಂದಿನ ಸರ್ಕಾರದ ನೀತಿ. ರೈಲು ಧಾನ್ಯವನ್ನು ಹಸಿದವರ ಕಡೆಗೂ ಒಯ್ಯಬಲ್ಲದು, ಕೊಳ್ಳುವ ಶಕ್ತಿ ಇದ್ದವರ ಕಡೆಗೂ ಒಯ್ಯಬಲ್ಲದು. ಅಂದು ಎತ್ತ ಒಯ್ದಿತು ಎಂಬುದನ್ನು ತೀರ್ಮಾನಿಸಿದ್ದು ಆ ನೀತಿ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಘಟಕ. ಬಾಂಗ್ಲಾದೇಶದ ಪ್ಯಾಂಟ್ ನಮಗಿಂತ ಅಗ್ಗ. ಹತ್ತಿಯೇ ಬೆಳೆಯದವರಿಗೆ ಅದು ಹೇಗೆ ಸಾಧ್ಯ? ನಾವೂ ಹೊರದೇಶಕ್ಕೆ ಕಳಿಸಬೇಕೆಂದರೆ ಏನೇನು ಬೇಕು?
(ಜೀನ್ಸ್ ತಯಾರಕರು, ಬಳ್ಳಾರಿ)

ಉತ್ತರ: 2004ರ ಕೊನೆಯವರೆಗೆ ಯಾವ ದೇಶ ಎಷ್ಟು ಉಡುಪು ಕಳಿಸಬಹುದು ಎಂದು ಶ್ರೀಮಂತ ದೇಶಗಳು ಕೋಟಾ ಹಾಕಿದ್ದವು. 2005ರ ಜನವರಿ 1ಕ್ಕೆ ಕೋಟಾ ಹೋಯಿತು, ಕೆಲಸ ದೊಡ್ಡ ಕಾರ್ಖಾನೆಗಳ ಕಡೆ ಹರಿಯಿತು. ಬಾಂಗ್ಲಾದೇಶ ‘ಅತಿ ಹಿಂದುಳಿದ ದೇಶ’ಗಳ ಪಟ್ಟಿಯಲ್ಲಿರುವುದರಿಂದ ಐರೋಪ್ಯ ಒಕ್ಕೂಟಕ್ಕೆ ಸುಂಕವಿಲ್ಲದೆ ಕಳಿಸುತ್ತದೆ. ಭಾರತವೂ 2011ರಲ್ಲಿ ಅವರ ಉಡುಪುಗಳಿಗೆ ಸುಂಕ ಬಿಟ್ಟಿತು. ಅಲ್ಲಿ ಗಾರ್ಮೆಂಟ್ ಕಾರ್ಮಿಕರ ಕನಿಷ್ಠ ವೇತನ 2023ರ ಡಿಸೆಂಬರ್‌ನಿಂದ ತಿಂಗಳಿಗೆ 12,500 ಟಾಕಾ. ಕೂಲಿ ಒಂದೇ ಕಾರಣ ಎಂದುಕೊಳ್ಳಬೇಡಿ. ಒಂದೇ ಮಾದರಿಯ ಲಕ್ಷಗಟ್ಟಲೆ ಪ್ಯಾಂಟನ್ನು ಒಂದೇ ಸಾಲಿನಲ್ಲಿ ಹೊಲಿಯುವಾಗ ಪ್ರತಿ ಪ್ಯಾಂಟಿನ ಮೇಲೆ ಬೀಳುವ ಖರ್ಚು ಇಳಿಯುತ್ತದೆ. 2025ರ ಮೇ 17ರಿಂದ ಆ ಉಡುಪು ಭೂಗಡಿಯಿಂದ ಬರುವುದನ್ನು ಭಾರತ ನಿಲ್ಲಿಸಿ, ನವಾ ಶೇವಾ ಮತ್ತು ಕೋಲ್ಕತ್ತ ಬಂದರುಗಳಿಂದ ಮಾತ್ರ ಬರಲು ಬಿಟ್ಟಿದೆ. ಇದರಿಂದ ನಿಮಗೆ ಸ್ವಲ್ಪ ಉಸಿರು ಸಿಕ್ಕಿರಬೇಕು. ಆದರೆ ಇದರ ಮೇಲೆ ಭಾರ ಹಾಕಿ ಸಾಲ ಮಾಡಬೇಡಿ.

ರಫ್ತಿನ ಕಾಗದಪತ್ರ ಅಂದುಕೊಂಡಷ್ಟು ಕಷ್ಟವಿಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂ. ಕಟ್ಟಿದರೆ ಆಮದು-ರಫ್ತು ಕೋಡ್ ಸಿಗುತ್ತದೆ. ಪ್ಯಾನ್, ವಿಳಾಸದ ದಾಖಲೆ, ರದ್ದು ಮಾಡಿದ ಚೆಕ್ ಸಾಕು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ನವೀಕರಿಸಲೇಬೇಕು, ವಿವರ ಏನೂ ಬದಲಾಗದಿದ್ದರೂ. ಮರೆತರೆ ಕೋಡ್ ನಿಷ್ಕ್ರಿಯವಾಗಿ ಸರಕು ಬಂದರಿನಲ್ಲಿ ಕೂರುತ್ತದೆ. ನಿಮ್ಮ ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ಹಣ ಪಡೆಯಲು ಬ್ಯಾಂಕ್ ಕೊಡುವ ಸಂಖ್ಯೆ) ಪಡೆದು ಕಸ್ಟಮ್ಸ್‌ನಲ್ಲಿ ದಾಖಲಿಸಿ. ಉಡುಪು ರಫ್ತು ಉತ್ತೇಜನ ಮಂಡಳಿಯ ಸದಸ್ಯತ್ವ ತೆಗೆದುಕೊಳ್ಳಿ. ಜಿಎಸ್‌ಟಿಯಲ್ಲಿ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆ ಕಳಿಸಬಹುದು, ದುಡ್ಡು ಸಿಕ್ಕಿಕೊಳ್ಳುವುದಿಲ್ಲ. ಹೊಸ ಖರೀದಿದಾರನಾದರೆ ಇಸಿಜಿಸಿ ವಿಮೆ (ಖರೀದಿದಾರ ಹಣ ಕೊಡದಿದ್ದರೆ ನಷ್ಟ ತುಂಬುವ ಸರ್ಕಾರಿ ವಿಮೆ) ಮಾಡಿಸದೆ ಉದ್ರಿ ಕೊಡಬೇಡಿ.

ಮಾಲು ತಿರಸ್ಕೃತವಾಗುವುದು ಹೊಲಿಗೆಗಿಂತ ಹೆಚ್ಚಾಗಿ ಬಟ್ಟೆ ಮತ್ತು ವಾಷಿಂಗ್‌ನಲ್ಲಿ. ಡೆನಿಮ್ ರೋಲ್ ಬಂದೊಡನೆ ಪ್ರತಿ ರೋಲ್‌ನಿಂದ ಒಂದು ತುಂಡು ಕತ್ತರಿಸಿ, ಅದರ ಮೇಲೆ 50 ಸೆಂ.ಮೀ. ಚೌಕ ಗುರುತು ಹಾಕಿ, ಪ್ಯಾಂಟಿಗೆ ಕೊಡುವ ವಾಷನ್ನೇ ಕೊಟ್ಟು ಒಣಗಿಸಿ ಅಳೆಯಿರಿ. ಹಾಸಿನ (ಉದ್ದೆಳೆಯ) ಕಡೆ 48.5 ಸೆಂ.ಮೀ. ಬಂದರೆ ಶೇ 3 ಕುಗ್ಗಿತು, 106 ಸೆಂ.ಮೀ. ಉದ್ದದ ಪ್ಯಾಂಟು 3 ಸೆಂ.ಮೀ.ಗೂ ಹೆಚ್ಚು ಮೋಟಾಗುತ್ತದೆ. ಸ್ಟ್ರೆಚ್ ಬಟ್ಟೆಯಲ್ಲಿ ಹೊಕ್ಕಿನ (ಅಡ್ಡೆಳೆಯ) ಕಡೆ ಕುಗ್ಗುವುದು ಜಾಸ್ತಿ, ಅದು ಸೊಂಟದ ಅಳತೆ ಕೆಡಿಸುತ್ತದೆ. ಒಂದೇ ಪ್ರಮಾಣದಲ್ಲಿ ಕುಗ್ಗುವ ರೋಲ್‌ಗಳನ್ನು ಒಂದು ಗುಂಪು ಮಾಡಿ, ಗುಂಪಿಗೊಂದು ಪ್ಯಾಟರ್ನ್ ಕತ್ತರಿಸಿ. ಬಳ್ಳಾರಿಯ ಸಗಟು ಗಿರಾಕಿ ಅರ್ಧ ಇಂಚು ಬಿಟ್ಟುಕೊಡುತ್ತಾನೆ, ಹೊರದೇಶದವನು ಬಿಡುವುದಿಲ್ಲ. ಅವರ ತಪಾಸಣೆ ಸಾಮಾನ್ಯವಾಗಿ ಎಕ್ಯೂಎಲ್ 2.5 ಕ್ರಮದಲ್ಲಿ ನಡೆಯುತ್ತದೆ: 2,000 ಪ್ಯಾಂಟಿನಲ್ಲಿ 125 ತೆಗೆದು ನೋಡುತ್ತಾರೆ, 7 ದೋಷದವರೆಗೆ ಪಾಸು, 8 ಸಿಕ್ಕರೆ ಇಡೀ ಮಾಲು ವಾಪಸ್. ಮುರಿದ ಸೂಜಿಯ ತುಂಡು ಒಂದು ಸಿಕ್ಕರೂ ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ವಾಷಿಂಗ್ ಘಟಕದ ಕೊಳೆನೀರು. ಶುದ್ಧೀಕರಣ ಘಟಕವಿಲ್ಲದ ಕಡೆ ತೊಳೆದ ಮಾಲನ್ನು ಹೆಸರಾಂತ ಬ್ರ್ಯಾಂಡ್‌ಗಳು ಮುಟ್ಟುವುದಿಲ್ಲ. ಹತ್ತು ಮಷೀನಿನ ಘಟಕ ಒಂಟಿಯಾಗಿ ಅದನ್ನು ಕಟ್ಟಿಸಲಾರದು, ಎಲ್ಲರಿಗೂ ಸೇರಿ ಒಂದು ಸಾಮೂಹಿಕ ಶುದ್ಧೀಕರಣ ಘಟಕ ಬೇಕು. ಬಳ್ಳಾರಿ ಜೀನ್ಸ್ ಲೋಕದ ಪೇಟೆಗೆ ಹೋಗುವುದೋ ಇಲ್ಲವೋ ಎಂಬುದು ಈ ಒಂದು ಕಾಮಗಾರಿಯ ಮೇಲೆ ನಿಂತಿದೆ ಎಂದು ನಾವು ನಂಬುತ್ತೇವೆ. ಮರಳು ಚಿಮ್ಮಿಸಿ ಬಟ್ಟೆ ಸವೆಸುವ ಕೆಲಸ ಎಲ್ಲಾದರೂ ಇನ್ನೂ ನಡೆಯುತ್ತಿದ್ದರೆ ಇಂದೇ ನಿಲ್ಲಿಸಿ. ಆ ದೂಳಿನಿಂದ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ, ಅದಕ್ಕೆ ಮದ್ದಿಲ್ಲ.

ಒಳಪೇಟೆಯನ್ನೂ ಬಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5 ಮಾತ್ರ. ಮೊದಲು 1,000 ರೂ. ದಾಟಿದರೆ ಶೇ 12 ಇತ್ತು. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಇದ್ದರೆ ಸಗಟು ವ್ಯಾಪಾರಿ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ನಿಮಗಿದೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ.

ಪ್ರಶ್ನೆ: ಒಂದು ಕಾಲಕ್ಕೆ ನಮ್ಮ ಕಡೆ ಎತ್ತ ನೋಡಿದರೂ ಸೂರ್ಯಕಾಂತಿ. ಈಗ ಹುಡುಕಬೇಕು. ಎಣ್ಣೆ ಮಾತ್ರ ತುಟ್ಟಿಯೇ ಇದೆ. ಬೆಳೆಗೆ ಏನಾಯಿತು?
(ರೈತರು, ಕುಷ್ಟಗಿ ತಾಲ್ಲೂಕು)

ಉತ್ತರ: 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾದ ಮೇಲೆ ದೇಶ ಅಡುಗೆ ಎಣ್ಣೆಯಲ್ಲಿ ಬಹುತೇಕ ತನ್ನ ಕಾಲ ಮೇಲೆ ನಿಂತಿತ್ತು. 1994ರಲ್ಲಿ ಪಾಮೊಲಿನ್ (ಸಂಸ್ಕರಿಸಿದ ತಾಳೆ ಎಣ್ಣೆ) ಆಮದನ್ನು ಶೇ 65 ಸುಂಕದ ಮೇಲೆ ಖಾಸಗಿಯವರಿಗೆ ಬಿಟ್ಟರು. 1998ರ ಹೊತ್ತಿಗೆ ಅದೇ ಸುಂಕ ಶೇ 15ಕ್ಕೆ ಇಳಿದಿತ್ತು. ಮಲೇಷ್ಯಾ, ಇಂಡೊನೇಷ್ಯಾದ ತಾಳೆ ಎಣ್ಣೆ ಹರಿದು ಬಂತು, ಮುಂದೆ ಉಕ್ರೇನ್, ರಷ್ಯಾದ ಸೂರ್ಯಕಾಂತಿ ಎಣ್ಣೆಯೂ ಬಂತು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನದು. ತಪ್ಪನ್ನೆಲ್ಲ ಆಮದಿನ ಮೇಲೆ ಹೊರಿಸುವುದೂ ಸರಿಯಲ್ಲ. 1997ರಲ್ಲಿ ಕಾಣಿಸಿಕೊಂಡ ನೆಕ್ರೋಸಿಸ್ ನಂಜುರೋಗ ಬೆಳೆಯನ್ನು ಬಹಳ ಹಾಳು ಮಾಡಿತು. ನೀರು ಬಂದ ಕಡೆ ಭತ್ತ, ಕಪ್ಪು ಮಣ್ಣಿನಲ್ಲಿ ಬಿಟಿ ಹತ್ತಿ ಹೊಲ ಹಿಡಿದವು.

ಇಲ್ಲಿಯೂ ಸುಂಕದ ಲೆಕ್ಕ ಮಾಡಿ ನೋಡಿ. ಕಚ್ಚಾ ಅಡುಗೆ ಎಣ್ಣೆಯ ಮೇಲಿನ ಒಟ್ಟು ಸುಂಕ 2024ರ ಸೆಪ್ಟೆಂಬರ್‌ನಲ್ಲಿ ಶೇ 5.5ರಿಂದ 27.5ಕ್ಕೆ ಏರಿತು, 2025ರ ಮೇ ಕೊನೆಗೆ 16.5ಕ್ಕೆ ಇಳಿಯಿತು. ಬಂದರಿನಲ್ಲಿ ಎಣ್ಣೆ ಕಿಲೋಗೆ 110 ರೂ. ಇದ್ದರೆ ಈ ಶೇ 11ರ ಇಳಿಕೆ ಕಿಲೋಗೆ 12 ರೂ. ಆಯಿತು. ಒಂದು ಕ್ವಿಂಟಲ್ ಕಾಳಿನಿಂದ ಗಾಣಕ್ಕೆ 36 ಕಿಲೋ ಎಣ್ಣೆ ಸಿಗುತ್ತದೆ ಎಂದರೆ ಕಾಳಿನ ಬೆಲೆಯಲ್ಲಿ 430 ರೂ. ಆಚೀಚೆ ಆಗುತ್ತದೆ. ಒಂಬತ್ತು ತಿಂಗಳಲ್ಲಿ ಎರಡು ಸಲ ಹೀಗೆ ಬದಲಾದರೆ ರೈತ ಯಾವ ಧೈರ್ಯದ ಮೇಲೆ ಬಿತ್ತಬೇಕು? ಬಿತ್ತನೆಗೆ ಮುಂಚೆ ಸುಂಕ ಸಾರಿ, ಕೊಯ್ಲು ಮುಗಿಯುವವರೆಗೆ ಮುಟ್ಟದಿರುವುದು ಸರ್ಕಾರ ಮಾಡಬಹುದಾದ ಅತಿ ಅಗ್ಗದ ಉಪಕಾರ. 2025-26ರ ಬೆಂಬಲ ಬೆಲೆ 7,721 ರೂ. ಇದೆ, ಖರೀದಿ ಕೇಂದ್ರ ಕೊಯ್ಲಿನ ವೇಳೆಗೆ ತೆರೆದರೆ ಮಾತ್ರ ಅದು ನಿಜವಾದ ಬೆಲೆ.

ಬಿತ್ತುವುದಾದರೆ ನಿಮ್ಮ ಕೈಯಲ್ಲಿರುವುದು ಕಾಳು ಕಟ್ಟುವಿಕೆ. ತೆನೆಯ ಹಳದಿ ಎಸಳು ಬಿಚ್ಚುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ಹೂವಿಗೆ ಸಿಂಪಡಿಸಿ. ಹೂವಿದ್ದಾಗ ಬೆಳಗಿನ ಹೊತ್ತು ಕೀಟನಾಶಕ ಹೊಡೆಯಬೇಡಿ, ಜೇನು ಸತ್ತರೆ ತೆನೆಯ ನಡುಭಾಗ ಜೊಳ್ಳಾಗುತ್ತದೆ.

ಪ್ರಶ್ನೆ: ಅದಿರು ಚೀನಾಕ್ಕೆ ಹೋಯಿತು, ದೂಳು ನಮಗೆ ಉಳಿಯಿತು. ಈಗ ಗಣಿಯಿಂದ ನಮ್ಮ ಊರಿಗೆ ಬರಬೇಕಾದ ಹಣ ಯಾವುದು, ಕೇಳುವುದು ಹೇಗೆ?
(ಶಿಕ್ಷಕರು, ಸಂಡೂರು)

ಉತ್ತರ: ಭರಾಟೆಯ ಕಾಲದ ಒಂದು ಅಂಕಿ ಸಾಕು. 2009ರ ಆಗಸ್ಟ್‌ವರೆಗೆ ಅದಿರಿನ ರಾಯಧನ ಟನ್ನಿಗೆ ಇಷ್ಟು ರೂಪಾಯಿ ಎಂದು ಗೊತ್ತಾಗಿತ್ತು, ಅತಿ ಉತ್ತಮ ದರ್ಜೆಯ ಗಟ್ಟಿ ಅದಿರಿಗೂ 27 ರೂ. ಮಾತ್ರ. ಅದೇ ಅದಿರಿಗೆ ಚೀನಾದಲ್ಲಿ ನೂರು ಡಾಲರ್ ದಾಟಿ ಬೆಲೆ ಸಿಗುತ್ತಿತ್ತು. ಬೆಲೆ ಲೋಕದ್ದು, ರಾಯಧನ ಹಳೆಯ ಕಾಗದದ್ದು, ನಡುವಿನ ಹಣ ಲಾರಿ ಮಾಲೀಕರಿಂದ ಹಿಡಿದು ರಾಜಕಾರಣದವರೆಗೆ ಹರಿಯಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತಿಗೆ ತಡೆ ಹಾಕಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಮಿತಿಗಳೊಡನೆ ಮತ್ತೆ ಶುರುವಾಯಿತು. 2022ರ ಮೇ 20ರಂದು ರಫ್ತಿಗೆ ಕೋರ್ಟ್ ಒಪ್ಪಿತು. ಮಾರನೆಯ ದಿನವೇ ಕೇಂದ್ರ ಸರ್ಕಾರ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು, ನವೆಂಬರ್‌ನಲ್ಲಿ ಇಳಿಸಿತು.

ಈಗ ರಾಯಧನ ಮಾರಾಟ ಬೆಲೆಯ ಶೇ 15. ಅದರ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕು. 2015ರ ಜನವರಿ 12ಕ್ಕೆ ಮುಂಚಿನ ಗುತ್ತಿಗೆಯಾದರೆ ರಾಯಧನದ ಶೇ 30, ಆಮೇಲೆ ಹರಾಜಿನಲ್ಲಿ ಪಡೆದದ್ದಾದರೆ ಶೇ 10. ಟನ್ನಿಗೆ 4,000 ರೂ. ಬೆಲೆ ಹಿಡಿದರೆ ರಾಯಧನ 600, ಪ್ರತಿಷ್ಠಾನಕ್ಕೆ 180 ಅಥವಾ 60 ರೂ. 2024ರ ಮಾರ್ಗಸೂಚಿಯ ಪ್ರಕಾರ ಗಣಿಯಿಂದ 15 ಕಿ.ಮೀ. ಒಳಗಿನ ಊರುಗಳು ನೇರ ಬಾಧಿತ, 25 ಕಿ.ಮೀ.ವರೆಗಿನವು ಪರೋಕ್ಷ ಬಾಧಿತ. ಕನಿಷ್ಠ ಶೇ 70 ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಕ್ಕೇ ಹೋಗಬೇಕು.

ಕೇಳುವ ಕ್ರಮ ಹೀಗೆ. ಬಾಧಿತ ಊರುಗಳ ಪಟ್ಟಿಯಲ್ಲಿ ನಿಮ್ಮ ಊರು ಇದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲು ನೋಡಿ. ಗ್ರಾಮಸಭೆಯಲ್ಲಿ ಕೆಲಸದ ಹೆಸರು, ಜಾಗ, ಅಂದಾಜು ವೆಚ್ಚ ಬರೆದು ಠರಾವು ಮಾಡಿಸಿ. ‘ಊರಿನ ಅಭಿವೃದ್ಧಿಗೆ ಹಣ ಕೊಡಿ’ ಎಂಬ ಠರಾವು ಕಡತದಲ್ಲೇ ಕೊಳೆಯುತ್ತದೆ. ‘ಶಾಲೆಗೆ ನೀರು ಶುದ್ಧೀಕರಣ ಘಟಕ, ಸರ್ವೆ ನಂಬರ್ ಇಂತಿಷ್ಟು’ ಎಂದು ಬರೆದದ್ದು ಕ್ರಿಯಾಯೋಜನೆಗೆ ಏರುತ್ತದೆ. ಆಮೇಲೆ ಮಂಜೂರಾತಿ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ಅಕ್ಕಿ ರಫ್ತು ಒಮ್ಮೆ ಬಂದ್, ಒಮ್ಮೆ ಓಪನ್. ನಮ್ಮ ಸೋನಾಮಸೂರಿ ಭತ್ತಕ್ಕೆ ಇದರಿಂದ ಏನಾಗುತ್ತದೆ?
(ಭತ್ತದ ಬೆಳೆಗಾರರು, ಕಾರಟಗಿ)

ಉತ್ತರ: ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು 2023ರ ಜುಲೈ 20ರಂದು ನಿಂತಿತು. 2024ರ ಸೆಪ್ಟೆಂಬರ್ 28ರಂದು ಟನ್ನಿಗೆ 490 ಡಾಲರ್ ಕನಿಷ್ಠ ಬೆಲೆಯೊಡನೆ ತೆರೆಯಿತು, ಅಕ್ಟೋಬರ್ 23ಕ್ಕೆ ಆ ಷರತ್ತೂ ಹೋಯಿತು. ಲೋಕದ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40 ಭಾರತದ್ದು, ಆದ್ದರಿಂದ ನಾವು ಬಾಗಿಲು ಹಾಕಿದರೆ ಲೋಕದ ಬೆಲೆ ಏರುತ್ತದೆ, ತೆಗೆದರೆ ಇಳಿಯುತ್ತದೆ. ಬೆಲೆ ಏರಿದಾಗ ನಾವು ಮಾರುವಂತಿಲ್ಲ, ಮಾರುವಂತಾದಾಗ ಬೆಲೆ ಇರುವುದಿಲ್ಲ! 2023ರಲ್ಲಿ ಬರ ಬಿದ್ದು ಭತ್ತವೇ ಕಡಿಮೆ ಇದ್ದುದರಿಂದ ನಿಷೇಧದ ಪೆಟ್ಟು ಇಲ್ಲಿ ಅಷ್ಟಾಗಿ ಕಾಣಲಿಲ್ಲ.

ನಿಮ್ಮ ಕಡೆ ಧಾರಣೆ ಹೇಳುವುದು 75 ಕಿಲೋ ಚೀಲಕ್ಕೆ, ಬೆಂಬಲ ಬೆಲೆ ಕ್ವಿಂಟಲ್‌ಗೆ. 2025-26ರ ‘ಎ’ ದರ್ಜೆಯ 2,389 ರೂ. ಅಂದರೆ ಚೀಲಕ್ಕೆ 1,792. ಅದಕ್ಕಿಂತ ಕೆಳಗೆ ಕೇಳಿದರೆ ಖರೀದಿ ಕೇಂದ್ರದ ಕಡೆ ಹೊರಳಿ. ಬೆಂಕಿರೋಗಕ್ಕೆ ಟ್ರೈಸೈಕ್ಲಜೋಲ್ ಹೊಡೆಯುವವರು ಒಂದು ಮಾತು ತಿಳಿದಿರಿ: ಐರೋಪ್ಯ ಒಕ್ಕೂಟದಲ್ಲಿ ಅದರ ಉಳಿಕೆ ಕಿಲೋಗೆ 0.01 ಮಿಲಿಗ್ರಾಂ ಮೀರುವಂತಿಲ್ಲ, ಅಂದರೆ ಹತ್ತು ಕೋಟಿಯಲ್ಲಿ ಒಂದು ಭಾಗ. ರಫ್ತಿನ ಗಿರಣಿಗೆ ಕೊಡುವ ಭತ್ತವಾದರೆ ಯಾವ ಔಷಧ ಹೊಡೆಯಬಹುದು ಎಂದು ನಾಟಿಗೆ ಮುಂಚೆಯೇ ಅವರಿಂದ ಬರೆಸಿಕೊಳ್ಳಿ.

ಪ್ರಶ್ನೆ: ಚೀನಾ ಆಟಿಕೆ ತಡೆಯಲು ತಂದ ಐಎಸ್‌ಐ ಗುರುತಿನ ಕಾನೂನು ಕಿನ್ನಾಳದ ಗೊಂಬೆಗೂ ಅನ್ವಯಿಸುತ್ತದೆಯೇ? ವಿದೇಶದಿಂದ ಗೊಂಬೆ ಕೇಳುತ್ತಾರೆ, ಕಳಿಸುವುದು ಹೇಗೆ?
(ಕುಶಲಕರ್ಮಿ, ಕೊಪ್ಪಳ ಜಿಲ್ಲೆ)

ಉತ್ತರ: 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಕೊಡುವ ಐಎಸ್‌ಐ ಗುರುತು ಕಡ್ಡಾಯ. ಆಮದು ಸುಂಕವೂ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಭಾನಾಪುರದ ಆಟಿಕೆ ಕ್ಲಸ್ಟರ್‌ನಂಥ ಕಾರ್ಖಾನೆಗಳಿಗೆ ಈ ಗುರುತು ಬೇಕೇ ಬೇಕು. ಆದರೆ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿತರಾದ ಕುಶಲಕರ್ಮಿಗಳಿಗೂ, ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರುವ ವಸ್ತುವಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ಕಿನ್ನಾಳ ಗೊಂಬೆಗೆ ಜಿಐ ಇದೆ. ಅಂದರೂ ನೀವು ಸ್ವತಃ ಆ ಆಯುಕ್ತರ ಕಚೇರಿಯ ‘ಪೆಹಚಾನ್’ ಗುರುತಿನ ಚೀಟಿ ಮಾಡಿಸಿರಬೇಕು ಅಥವಾ ಅಧಿಕೃತ ಬಳಕೆದಾರರೆಂದು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿರಬೇಕು. ಅದರ ಶುಲ್ಕ 10 ರೂ. ಮಾತ್ರ. ಊರಿಗೆ ಜಿಐ ಇದೆ ಎಂದು ಸುಮ್ಮನಿದ್ದರೆ ತಪಾಸಣೆಯ ದಿನ ಕೈಯಲ್ಲಿ ಕಾಗದ ಇರುವುದಿಲ್ಲ.

ಕಳಿಸಲು ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ ಸಾಕು, ಆಮದು-ರಫ್ತು ಕೋಡ್ ಮಾತ್ರ ಬೇಕು. ಸೀಸವಿಲ್ಲದ ಬಣ್ಣ ಬಳಸಿ, ಡಬ್ಬಿಯ ಹೆಸರು-ಬ್ಯಾಚ್ ಬರೆದಿಡಿ. ಹಸಿ ಮರದ ಗೊಂಬೆ ಶೀತದೇಶದ ಒಣ ಹವೆಗೆ ಬಿರುಕು ಬಿಡುತ್ತದೆ, ಹುಣಸೆ ಬೀಜದ ಅಂಟಿನ ಪದರ ಸಿಡಿದು ಬಣ್ಣ ಏಳುತ್ತದೆ. ಚೆನ್ನಾಗಿ ಒಣಗಿದ ಮರವನ್ನೇ ಕೆತ್ತಿ. ಮರದ ಪೆಟ್ಟಿಗೆಯಲ್ಲಿ ತುಂಬಬೇಡಿ, ಸಂಸ್ಕರಣೆಯ ಮುದ್ರೆ ಇಲ್ಲದ ಹಲಗೆಯನ್ನು ಹಲವು ದೇಶಗಳು ಒಳಗೆ ಬಿಡುವುದಿಲ್ಲ. ಎರಡು ಪದರದ ರಟ್ಟಿನ ಡಬ್ಬಿ ಮೇಲು. ಅಮೆರಿಕದ ಗಿರಾಕಿಯಾದರೆ ಒಂದು ವಿಷಯ ಮುಂಚೆಯೇ ತಿಳಿಸಿ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಆಗ ನಿಂತ ಅಂಚೆ ಸೇವೆ ಅಕ್ಟೋಬರ್ 15ಕ್ಕೆ ಮತ್ತೆ ಶುರುವಾದರೂ ಸುಂಕವನ್ನು ಬುಕಿಂಗ್ ಹೊತ್ತಿಗೇ ಇಲ್ಲಿಯೇ ಕಟ್ಟಿಸಿಕೊಳ್ಳುತ್ತಾರೆ. ಗೊಂಬೆಯ ಬೆಲೆ ಹೇಳುವಾಗ ಆ ಹಣವನ್ನು ಬೇರೆಯಾಗಿ ಬರೆದು ಒಪ್ಪಿಗೆ ಪಡೆಯಿರಿ, ಆಮೇಲೆಯೇ ಡಬ್ಬಿ ಕಟ್ಟಿ.